ದುಗ್ಗಪ್ಪ ಮಾಸ್ಟ್ರು ಅಳಿಸಿದ ಸಾಲು

ಸುಳ್ಯ ಪೇಟೆಯಿಂದ ಸ್ವಲ್ಪ ಆಚೆಗಿರುವ ಆ ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿತವರು ಈಗ ಎಲ್ಲೆಲ್ಲಿದ್ದಾರೋ ಲೆಕ್ಕವಿಲ್ಲ. ಕೆಲವರು ಸೊಸೈಟಿಯ ಕೌಂಟರಿನಲ್ಲಿದ್ದಾರೆ, ಕೆಲವರು ಸುಬ್ರಹ್ಮಣ್ಯದ ಲಾಡ್ಜುಗಳಲ್ಲಿ ರೂಮು ಬುಕ್ ಮಾಡುತ್ತ ಕೂತಿದ್ದಾರೆ, ಉಳಿದವರು ಕಲಿತದ್ದನ್ನೆಲ್ಲ ಮರೆತು ಹಾಯಾಗಿದ್ದಾರೆ. ಆದರೆ ಯಾರನ್ನೇ ಕೇಳಿ, ಒಂದು ದಿನ ಮಾತ್ರ ಅವರಿಗೆ ನೆನಪಿರುತ್ತದೆ. ತಾವು ಬರೆದ ಮೊದಲ ವಿಂಡೋ ಪರದೆಯ ಮೇಲೆ ತೆರೆದುಕೊಂಡ ದಿನ. ಅಂಗೈಯಷ್ಟು ದೊಡ್ಡ ಚೌಕ, ನಡುವೆ ಒಂದು ಬಟನ್, ಒತ್ತಿದರೆ 'ನಮಸ್ಕಾರ' ಎಂದು ಕಾಣಿಸುತ್ತದೆ, ಅಷ್ಟೇ. ಹಿಂದಿನಿಂದ ದುಗ್ಗಪ್ಪ ಮಾಸ್ಟ್ರು, "ಬಂತಲ್ಲ, ಇನ್ನೆಂತ ಹೆದರಿಕೆ?" ಎಂದದ್ದೂ ನೆನಪಿರುತ್ತದೆ.

ಮಾಸ್ಟ್ರು ಎಂದು ಕರೆಯುವುದು ಹುಡುಗರ ಪ್ರೀತಿ. ಕಾಗದದಲ್ಲಿ ಅವರು ಲ್ಯಾಬ್ ಇನ್‌ಸ್ಟ್ರಕ್ಟರ್. ಜಾಲ್ಸೂರಿನವರು, ಟೈಪ್‌ರೈಟಿಂಗ್ ಕಲಿಸಲು ಕೆಲಸಕ್ಕೆ ಸೇರಿದವರು. ತೊಂಬತ್ತೆಂಟರಲ್ಲಿ ಕಾಲೇಜಿಗೆ ನಾಲ್ಕು ಕಂಪ್ಯೂಟರ್ ಬಂದಾಗ ಡಿಗ್ರಿ ಇದ್ದವರೆಲ್ಲ ದೂರ ನಿಂತು ನೋಡಿದರು. ಡಿಗ್ರಿ ಇಲ್ಲದ ದುಗ್ಗಪ್ಪ ಹೋಗಿ ಕೂತರು, ಕೂತವರು ಏಳಲಿಲ್ಲ. ಆಮೇಲೆ ಎಷ್ಟೋ ಲೆಕ್ಚರರುಗಳು ಬಂದರು, ಒಂದೆರಡು ವರ್ಷ ಪಾಠ ಮಾಡಿ ಮಂಗಳೂರಿನ ಕಡೆ ಹೋದರು. ಹೊಸಬರಿಗೆ ವಿಂಡೋ, ಬಟನ್, ಲೇಬಲ್ ಎಂದರೇನೆಂದು ತೋರಿಸುವ ಉದಾಹರಣೆಯ ಪ್ರೋಗ್ರಾಂಗಳನ್ನು ಬರೆದವರು ಮಾತ್ರ ಇವರೊಬ್ಬರೇ. ಅಂಥವು ನಲವತ್ತೊಂದು ಇದ್ದವು.

ಅವುಗಳಲ್ಲಿ ಒಂದರಲ್ಲೂ ಟಿಪ್ಪಣಿ ಇರಲಿಲ್ಲ. ಪ್ರೋಗ್ರಾಂ ಬರೆಯುವವರು, ಈ ಸಾಲು ಯಾಕೆ ಬೇಕು ಎಂದು ಪಕ್ಕದಲ್ಲಿ ಒಂದು ಮಾತು ಬರೆದಿಡುವುದುಂಟು. ಯಂತ್ರ ಅದನ್ನು ಓದುವುದಿಲ್ಲ. ಮುಂದೆ ಬರುವ ಮನುಷ್ಯ ಓದುತ್ತಾನೆ. ಮಾಸ್ಟ್ರು ಬರೆಯುತ್ತಿರಲಿಲ್ಲ. ಕೇಳಿದರೆ, "ಬರೆದಿಟ್ಟರೆ ನೀವು ಕಾಪಿ ಹೊಡೆಯುದು ಮಾತ್ರ. ಬಾಯಲ್ಲಿ ಹೇಳ್ತೇನೆ, ಕೇಳಿ" ಎನ್ನುತ್ತಿದ್ದರು. ಅದು ಅಪ್ಪನಿಂದ ಬಂದ ಬುದ್ಧಿ. ಅವರ ಅಪ್ಪ ಕಾಮಾಲೆಗೆ ಹಳ್ಳಿಮದ್ದು ಕೊಡುತ್ತಿದ್ದರು. ಭಾನುವಾರ ಬೆಳಿಗ್ಗೆ ಕೇರಳದ ಗಡಿಯಾಚೆಯಿಂದಲೂ ಜನ ಬಂದು ಜಗಲಿಯಲ್ಲಿ ಕೂರುತ್ತಿದ್ದರು. ಯಾವ ಸೊಪ್ಪು, ಎಷ್ಟು ಎಂದು ಬಾಯಿಬಿಟ್ಟರೆ ಮದ್ದು ಫಲಿಸುವುದಿಲ್ಲ, ಪ್ರಾಣ ಹೋಗುವ ಹೊತ್ತಿಗೆ ಒಬ್ಬನ ಕಿವಿಯಲ್ಲಿ ಹೇಳಬೇಕು ಎಂಬುದು ಕ್ರಮ. ಅಪ್ಪ ಒಂದು ದಿನ ನೀರು ಹರಿಯುವ ತೋಡಿನ ಬದಿಯಲ್ಲಿ ಕುಸಿದು ಬಿದ್ದು, ಅಲ್ಲಿಯೇ ತೀರಿಕೊಂಡರು. ಮಗನಿಗೆ ಐದು ಸೊಪ್ಪುಗಳಲ್ಲಿ ನೋಡಿ ಗೊತ್ತಿದ್ದದ್ದು ಮೂರು. ಮೂರರಿಂದ ಯಾವ ಕಾಮಾಲೆಯೂ ಗುಣವಾಗುವುದಿಲ್ಲ. ಇಷ್ಟು ಕಂಡ ಮೇಲಾದರೂ ಮನುಷ್ಯ ಬರೆದಿಡಲು ಕಲಿಯಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ.

ಕಳೆದ ಫೆಬ್ರವರಿಯಲ್ಲಿ ಮಾಸ್ಟ್ರನ್ನು ವಿಭಾಗದ ಮುಖ್ಯಸ್ಥ ಹರಿಪ್ರಸಾದ್ ಕರೆಸಿದರು. ಪುತ್ತೂರಿನ ಕಡೆಯವರು, ಮೂವತ್ತೈದು ದಾಟದ ಪ್ರಾಯ, ಮೇಜಿನ ಮೇಲೆ ಪೆನ್ನು ಕೂಡ ಓರೆಯಾಗಿ ಮಲಗಬಾರದು ಎನ್ನುವ ಜಾತಿ.

"ಸರ್, ನಿಮ್ಮ ಎಕ್ಸಾಂಪಲ್ ಎಲ್ಲ ಒಮ್ಮೆ ಚಂದ ಮಾಡುವ. ಬೇಡದ ಸಾಲು ತೆಗೆಯುದು, ಹೆಸರು ಸರಿ ಮಾಡುದು, ಎಲ್ಲವನ್ನೂ ಫಂಕ್ಷನ್ ಒಳಗೆ ತರುದು. ಬರುವ ವರ್ಷ ಲ್ಯಾಬ್ ಪುಸ್ತಕ ಪ್ರಿಂಟ್ ಮಾಡ್ಸುವ ಅಂತ ಉಂಟು. ಮೇಯಲ್ಲಿ ನೀವು ರಿಟೈರ್ ಆಗ್ತೀರಿ, ಅದರ ಮೊದಲು ನಿಮ್ಮ ಕೈಯಿಂದಲೇ ಆಗ್ಲಿ. ಕೊನೆಗೆ ನವ್ಯಾ ಒಮ್ಮೆ ನೋಡಿ ಲ್ಯಾಬಿನ ಮೆಷಿನ್‌ಗಳಿಗೆ ಹಾಕ್ತಾರೆ."

ಮಾತಿನಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಮಾಸ್ಟ್ರು "ಆಗ್ಲಿ ಸರ್" ಎಂದು ಹೊರಗೆ ಬಂದರು. ಆದರೆ ಒಪ್ಪಿಕೊಂಡದ್ದು ಹೆದರಿಕೊಂಡೇ.

ಯಾಕೆಂದರೆ ಕಾಲೇಜಿನಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ವಿಷಯ ಇತ್ತು. ನವೆಂಬರಿನಲ್ಲಿ ಒಂದು ಸಂಜೆ ಅವರು ಎಂದಿನಂತೆ ಕಾಸರಗೋಡಿನ ಬಸ್ಸು ಹತ್ತಿದ್ದರು. ಜಾಲ್ಸೂರು ಬಂದಾಗ ಇಳಿಯಲಿಲ್ಲ. ಗಡಿ ದಾಟಿ ಮುಳ್ಳೇರಿಯದಲ್ಲಿ ಇಳಿದು, ಸುತ್ತಲಿನವರೆಲ್ಲ ಯಾಕೆ ಮಲಯಾಳ ಮಾತನಾಡುತ್ತಿದ್ದಾರೆ ಎಂದು ತಿಳಿಯದೆ ಬೆಪ್ಪಾಗಿ ನಿಂತಿದ್ದರು. ಪರಿಚಯದ ಅಡಿಕೆ ವ್ಯಾಪಾರಿ ಮೂಸಕುಂಞಿ ಕಂಡು, ಅಂಗಡಿಯಲ್ಲಿ ಕೂರಿಸಿ, ಚಹಾ ಕೊಟ್ಟು, ಮನೆಗೆ ಫೋನ್ ಮಾಡಿದ. ಡಿಸೆಂಬರಿನಲ್ಲಿ ಹೆಂಡತಿ ದಮಯಂತಿ ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ಡಾಕ್ಟರು ತಲೆಯ ಚಿತ್ರ ತೆಗೆಸಿ, ಮರೆವಿನ ಕಾಯಿಲೆಯ ಶುರು, ಮಾತ್ರೆಯಿಂದ ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದರು. ಮೇ ತಿಂಗಳವರೆಗೆ ಯಾರಿಗೂ ಹೇಳುವುದು ಬೇಡ, ಮರ್ಯಾದೆಯಲ್ಲಿ ನಿವೃತ್ತಿಯಾಗಲಿ ಎಂದು ಗಂಡ ಹೆಂಡತಿ ಮಾತನಾಡಿಕೊಂಡರು. ಹಾಗಾಗಿ ಮಾಸ್ಟ್ರಿಗೆ ಇದ್ದದ್ದು ಒಂದೇ ಆಸೆ, ಐದು ತಿಂಗಳು ಯಾರಿಗೂ ತಿಳಿಯದಂತೆ ದಾಟಿಬಿಡುವುದು.

ಮೊದಲು ಕೆಲಸ ಸಲೀಸಾಗಿಯೇ ಸಾಗಿತು. ಇಪ್ಪತ್ತು ವರ್ಷಗಳ ಕಸ ಅದು. ಒಂದೇ ಪ್ರೋಗ್ರಾಮಿಗೆ 'ಬಟನ್ ಹೊಸತು', 'ಬಟನ್ ಕೊನೆ', 'ಬಟನ್ ಕೊನೆ ಎರಡು' ಎಂದು ಮೂರು ಅವತಾರ. ಎ, ಬಿ, ಬಿ ಒಂದು ಎಂದು ಕರೆದದ್ದಕ್ಕೆಲ್ಲ ಅರ್ಥವಾಗುವ ಹೆಸರಿಟ್ಟರು. ಎಂದೋ ತಂದಿಟ್ಟು ಬಳಸದೆ ಬಿಟ್ಟದ್ದನ್ನು ತೆಗೆದರು. ಓರೆಕೋರೆ ನಿಂತ ಸಾಲುಗಳನ್ನು ಒಳಗೆ ಹೊರಗೆ ಸರಿಸಿ ನೇರ ಮಾಡಿದರು. ಹಳೆಯ ಫೈಲು ತೆರೆದಂತೆ ಹಳೆಯ ಹುಡುಗರ ಮುಖವೂ ಬರುತ್ತಿತ್ತು. ಡಾಕ್ಟರು ಹೇಳಿದ್ದು ಸುಳ್ಳಿರಬಹುದೇ ಎಂದು ಒಂದೆರಡು ದಿನ ಅನ್ನಿಸಿದ್ದೂ ಉಂಟು.

ಹತ್ತೊಂಬತ್ತನೆಯದು ಚಿತ್ರ ತೋರಿಸುವ ಪ್ರೋಗ್ರಾಂ. ಬಟನ್ ಒತ್ತಿದರೆ ಕೊಯಿಲದ ಸರಕಾರಿ ಫಾರ್ಮಿನ ಒಂದು ಕರು ಪರದೆಯ ಮೇಲೆ ಬರುತ್ತದೆ. ಅದರಲ್ಲಿ ಒಂದು ವಿಚಿತ್ರ ಸಾಲಿತ್ತು. ಚಿತ್ರವನ್ನು ಲೇಬಲ್ಲಿಗೆ, ಅಂದರೆ ವಿಂಡೋದಲ್ಲಿ ಅದು ಕೂರುವ ಚೌಕಟ್ಟಿಗೆ, ಕೊಟ್ಟಾಗಿದೆ, ಆದರೂ ಮುಂದಿನ ಸಾಲು ಅದೇ ಚಿತ್ರವನ್ನು ಅದೇ ಲೇಬಲ್ಲಿಗೆ ಇನ್ನೊಮ್ಮೆ ಕೊಡುತ್ತದೆ. ಯಾಕೆ? ಮಾಸ್ಟ್ರು ಸಾಲನ್ನೇ ನೋಡಿದರು. ಅದಕ್ಕೊಂದು ಕಾರಣ ಇತ್ತು. ತಾವೇ ಬರೆದದ್ದು, ಪ್ರತಿ ವರ್ಷ ಅದರ ಬಗ್ಗೆ ಏನೋ ಹೇಳುತ್ತಿದ್ದದ್ದು, ಹುಡುಗರು ನಗುತ್ತಿದ್ದದ್ದು ಎಲ್ಲ ಗೊತ್ತು. ಹೇಳುತ್ತಿದ್ದದ್ದು ಏನು ಎಂಬುದೊಂದು ಇಲ್ಲ. ಬಿದ್ದುಹೋದ ಹಲ್ಲಿನ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಮನಸ್ಸು ಮತ್ತೆ ಮತ್ತೆ ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬಂತು.

ಎರಡು ದಿನ ಆ ಫೈಲನ್ನು ಮುಟ್ಟಲಿಲ್ಲ. ಪಕ್ಕದ ಕೋಣೆಯಲ್ಲೇ ನವ್ಯಾ ಇದ್ದಳು. ಅವರ ಹಳೆಯ ವಿದ್ಯಾರ್ಥಿನಿ, ಈಗ ಅಲ್ಲೇ ಅತಿಥಿ ಉಪನ್ಯಾಸಕಿ. ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವುದು ಹೇಗೆ? ಇಷ್ಟು ವರ್ಷ ಬೇರೆಯವರು ಕೇಳಿದ್ದು, ಇವರು ಹೇಳಿದ್ದು. ಮೂರನೆಯ ದಿನ ಆ ಸಾಲನ್ನು ಅಳಿಸಿ ಪ್ರೋಗ್ರಾಂ ಓಡಿಸಿ ನೋಡಿದರು. ಕರು ಬಂತು. ಬಂತಲ್ಲ! ಹಾಗಾದರೆ ಅದು ಬೇಡದ ಸಾಲೇ, ತಾನು ಸುಮ್ಮನೆ ಕಂಗಾಲಾದದ್ದು ಎಂದು ಉಸಿರು ಬಿಟ್ಟರು. ಆಮೇಲೆ ಹರಿಪ್ರಸಾದ್ ಹೇಳಿದ ಪ್ರಕಾರ ಉಳಿದ ಸಾಲುಗಳನ್ನು ಫಂಕ್ಷನ್ ಎಂಬ ಒಂದೇ ಕಟ್ಟಿನ ಒಳಗೆ ಸರಿಸಿದರು. ಸರಿಸಿದ್ದು ಮಾತ್ರ ಅಲ್ಲವೇ, ಬದಲಾಯಿಸಿದ್ದು ಏನೂ ಇಲ್ಲವಲ್ಲ ಎಂದು ಇನ್ನೊಮ್ಮೆ ಓಡಿಸಿ ನೋಡಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ತಿಂಗಳ ಕೊನೆಗೆ ನಲವತ್ತೊಂದನ್ನೂ ನವ್ಯಾಳಿಗೆ ಒಪ್ಪಿಸಿದರು. ಅವಳು ಮೊದಲ ನಾಲ್ಕು ತೆರೆದು ನೋಡಿ, "ನೀವು ನೋಡಿದ ಮೇಲೆ ನಾನು ಎಂತ ನೋಡ್ಲಿಕ್ಕುಂಟು ಸರ್?" ಎಂದು ಹಾಗೆಯೇ ಲ್ಯಾಬಿನ ಮೆಷಿನ್‌ಗಳಿಗೆ ಹಾಕಿದಳು.

ಮಾರ್ಚಿನ ಎರಡನೆಯ ವಾರ ತಯಾರಿ ಪರೀಕ್ಷೆ. ಉದಾಹರಣೆಯನ್ನು ನೋಡಿಕೊಂಡು, ಅದರ ಮೇಲೆ ತಮ್ಮದೊಂದು ಬಟನ್ ಸೇರಿಸಿ ತೋರಿಸಬೇಕು. ಹದಿನಾರು ಮಂದಿಗೆ ಚಿತ್ರದ ಪ್ರೋಗ್ರಾಂ ಬಂತು. ಮೊದಲು ಕೈ ಎತ್ತಿದವಳು ಸಮನ್ವಿತಾ ಎಂಬ ಹುಡುಗಿ.

"ಸರ್, ಕರು ಬರುದಿಲ್ಲ."

ಮಾಸ್ಟ್ರು ಹೋಗಿ ಬಗ್ಗಿ ನೋಡಿದರು. ವಿಂಡೋ ಬಂದಿದೆ, ಬಟನ್ ಇದೆ, ಒತ್ತಿದರೆ ಕರುವಿನ ಜಾಗದಲ್ಲಿ ಬೂದು ಬಣ್ಣ. ಯಂತ್ರ ತಪ್ಪು ಎಂದೂ ಹೇಳುತ್ತಿಲ್ಲ, ಹೇಳಿದ್ದರೆ ಹಿಡಿಯಲು ಒಂದು ತುದಿಯಾದರೂ ಸಿಗುತ್ತಿತ್ತು. ಅಷ್ಟರಲ್ಲಿ ಆಚೆಯಿಂದ ಇನ್ನೊಬ್ಬ, ಈಚೆಯಿಂದ ಮತ್ತೊಬ್ಬಳು. ಹದಿನಾರೂ ಪರದೆಗಳಲ್ಲಿ ಬೂದು. ಒಬ್ಬಳು ಹುಡುಗಿ ಅಳಲು ಶುರುಮಾಡಿದಳು. ಮಾಸ್ಟ್ರು ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಹೋದರು, ಸಾಲುಗಳನ್ನು ಮೇಲಿನಿಂದ ಕೆಳಗೆ ಓದಿದರು, ಮತ್ತೆ ಓದಿದರು. ಒಂದೂ ತಲೆಗೆ ಹೋಗಲಿಲ್ಲ.

ಹರಿಪ್ರಸಾದ್ ಬಂದು ನಿಂತಿದ್ದರು. "ಎಂತ ಸರ್ ಇದು? ನೀವು ಸರಿ ಮಾಡಿದ ಫೈಲ್ ಅಲ್ವಾ?"

ಮಾಸ್ಟ್ರು ಹೇಳಿದರು, "ಕೊನೆಗೆ ನೋಡಿ ಹಾಕಿದ್ದು ನವ್ಯಾ. ಅಲ್ಲಿ ಎಂತದೋ ಆಗಿರ್ಬೇಕು."

ಇಪ್ಪತ್ತಾರು ವರ್ಷಗಳಲ್ಲಿ ಅವರು ತಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದು ಅದೇ ಮೊದಲು. ಕೆಟ್ಟವರಾಗಿ ಆಡಿದ ಮಾತಲ್ಲ, ಹೆದರಿ ಆಡಿದ್ದು. ಆದರೆ ಹೇಗೆ ಆಡಿದರೂ ಹೊರುವವಳಿಗೆ ಭಾರ ಒಂದೇ. ನವ್ಯಾ ಹಾಜರಿ ಪಟ್ಟಿ ಹಿಡಿದುಕೊಂಡು ಬಾಗಿಲ ಹತ್ತಿರ ಇದ್ದಳು. ಮಾಸ್ಟ್ರ ಮುಖ ನೋಡಿದಳು. ನಾನಲ್ಲ ಎಂದು ಹೇಳಲು ಬೇಕಾದಷ್ಟು ಹೊತ್ತು ಇತ್ತು, ಹೇಳಲಿಲ್ಲ.

ಹರಿಪ್ರಸಾದ್ ಹೋದ ಮೇಲೆ ಅವಳೇ ಒಂದು ಮೆಷಿನ್‌ನಲ್ಲಿ ಕೂತಳು. ಒಂದೇ ಒಂದು ಸಾಲು ಸೇರಿಸಿದಳು. ಕರು ಬಂತು. ಹದಿನಾರು ಮಂದಿಗೂ ಆ ಸಾಲನ್ನು ಬೋರ್ಡಿನಲ್ಲಿ ಬರೆದು ತೋರಿಸಿ, ಪರೀಕ್ಷೆ ಮುಗಿಸಿ, ಲ್ಯಾಬ್ ಖಾಲಿಯಾದ ಮೇಲೆ ಮಾಸ್ಟ್ರ ಹತ್ತಿರ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಟವೆಲ್ ಹಾಕಿದ ಸಾಲು ಬಿಟ್ಟುಹೋಗಿತ್ತು ಸರ್. ಅಷ್ಟೇ."

"ಟವೆಲ್?"

"ನೀವೇ ಹೇಳಿಕೊಟ್ಟದ್ದಲ್ವಾ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುದು. ಟವೆಲ್ ಇದ್ದರೆ ಸೀಟು ನಮ್ಮದು, ಇಲ್ಲದಿದ್ದರೆ ನಾವು ಹತ್ತುವಾಗ ಬೇರೆಯವರು ಕೂತಾಗಿರ್ತದೆ. ಫಂಕ್ಷನ್ ಹೊರಗೆ ಇದ್ದರೆ ಆ ಸಾಲು ಇಲ್ಲದೆಯೂ ನಡೀತದೆ, ಒಳಗೆ ಹೋದರೆ ಫಂಕ್ಷನ್ ಮುಗಿದ ಕೂಡ್ಲೆ ಯಾರೂ ಹಿಡಿದುಕೊಳ್ಳದ್ದನ್ನು ಯಂತ್ರ ಗುಡಿಸಿ ಬಿಸಾಡ್ತದೆ. ಆ ಸಾಲು ಚಿತ್ರಕ್ಕೆ ಹಾಕಿದ ಟವೆಲ್. ಕೆಲಸ ಎಂತ ಮಾಡುದಿಲ್ಲ, ಜಾಗ ಹಿಡಿದುಕೊಳ್ತದೆ."

"ಹೌದೌದು, ಹೇಳಿದ್ದೆ" ಎಂದರು ಮಾಸ್ಟ್ರು. ಒಳಗೆ ಹುಡುಕಿದರೆ ಟವೆಲೂ ಇಲ್ಲ, ಬಸ್ಸೂ ಇಲ್ಲ.

ನವ್ಯಾ ಸ್ವಲ್ಪ ನಕ್ಕಳು. "ಯಾವ ಬಸ್ಸು ಅಂತ ಹೇಳ್ತಿದ್ದಿರಿ, ನೆನಪುಂಟಾ? ಕ್ಲಾಸಿಡೀ ನಗ್ತಿತ್ತು."

"ಪುತ್ತೂರು ಬಸ್ಸು."

ಅವಳ ನಗು ನಿಂತಿತು. "ಸುಬ್ರಹ್ಮಣ್ಯದ್ದು ಸರ್. ಷಷ್ಠಿ ಜಾತ್ರೆ ದಿನದ ಬಸ್ಸು" ಎಂದಳು. ಮತ್ತೇನೂ ಕೇಳದೆ ಹಾಜರಿ ಪಟ್ಟಿ ತೆಗೆದುಕೊಂಡು ಹೋದಳು.

ಶನಿವಾರ ಆಫೀಸಿನ ಗುಮಾಸ್ತ ಧರ್ಮಪಾಲ ಸಹಿ ಹಾಕಿಸಲು ಬಂದವನು ಸಣ್ಣ ದನಿಯಲ್ಲಿ ಹೇಳಿದ, "ಬರುವ ವರ್ಷದ ಗೆಸ್ಟ್ ಲೆಕ್ಚರರ್ ಪಟ್ಟಿ ಆಗ್ತಾ ಉಂಟು ಮಾಸ್ಟ್ರೆ. ನವ್ಯಾಂದು ಕಷ್ಟ ಅಂತೆ. ಪರೀಕ್ಷೆ ಫೈಲ್‌ನಲ್ಲಿ ಎಂತೋ ಹಾಳು ಮಾಡಿದ್ದಾರಂತಲ್ಲ? ಸೋಮವಾರ ಸಂಜೆ ಪಟ್ಟಿ ಮೇಲೆ ಹೋಗ್ತದೆ."

ನವ್ಯಾ ಗುತ್ತಿಗಾರಿನಿಂದ ಬರುವವಳು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ಅವಳಿಗೆ ಹೋಗಿ ಸಂಜೆಯೊಳಗೆ ಮನೆ ಸೇರಲು ಆಗುವ ಕೆಲಸ ಈ ಸುತ್ತಿನಲ್ಲಿ ಇದೊಂದೇ ಎಂದು ಮಾಸ್ಟ್ರಿಗೆ ಗೊತ್ತಿತ್ತು. ಬೇಡದ್ದೆಲ್ಲ ನೆನಪಿರುತ್ತದಲ್ಲ ಎಂದು ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು.

ಭಾನುವಾರ ದಮಯಂತಿಯವರಿಗೆ ಎಲ್ಲವನ್ನೂ ಹೇಳಿದರು. ಅವರು, ಇನ್ನು ಎರಡೇ ತಿಂಗಳಲ್ಲವೇ ಎಂದರು. ಗೊತ್ತಾದರೆ ನಾಳೆಯಿಂದ ಮದುವೆ ಮನೆಯಲ್ಲಿ, ಅಂಗಡಿಯಲ್ಲಿ ಎಲ್ಲರೂ ಮಗುವಿನ ಹತ್ತಿರ ಮಾತನಾಡಿದ ಹಾಗೆ ಮಾತನಾಡುತ್ತಾರೆ, ತನಗೆ ನೋಡಲಾಗುವುದಿಲ್ಲ ಎಂದು ಅತ್ತರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಅದು ಗೊತ್ತಿರುವ ವಿಷಯ. ಮಾಸ್ಟ್ರನ್ನು ಹಿಂಡಿದ್ದು ಬೇರೆಯೇ ಒಂದು ಹೆದರಿಕೆ. ನವ್ಯಾಳ ಮೇಲೆ ತಪ್ಪು ಹೊರಿಸಿದ್ದು ತಾನು ಎಂಬುದನ್ನೇ ಮರೆತರೆ? ಒಂದು ವಾರ ಕಳೆದು, ಅವಳೇ ಹಾಳು ಮಾಡಿದ್ದು ಎಂದು ತನಗೂ ನಂಬಿಕೆ ಬಂದರೆ? ಆಗ ನಿಜ ಹೇಳಲು ಈ ಲೋಕದಲ್ಲಿ ಒಬ್ಬನೂ ಉಳಿಯುವುದಿಲ್ಲ. ಮರೆತುಬಿಟ್ಟರೆ ತನಗೆ ಸುಖವೇ. ಆ ಸುಖಕ್ಕೇ ಅವರು ಹೆದರಿದರು.

ಸೋಮವಾರ ಮೊದಲ ಬಸ್ಸಿಗೇ ಹೋದರು. ಲ್ಯಾಬಿನ ಬಾಗಿಲು ತೆಗೆದು ಹತ್ತೊಂಬತ್ತನೆಯ ಫೈಲು ತೆರೆದರು. ನವ್ಯಾ ಸೇರಿಸಿದ ಸಾಲಿನ ಮೇಲೆ, ಬದುಕಿನಲ್ಲಿ ಮೊದಲ ಬಾರಿಗೆ ಒಂದು ಟಿಪ್ಪಣಿ ಬರೆದರು, ಕನ್ನಡದಲ್ಲಿ: 'ಈ ಸಾಲನ್ನು ತೆಗೆಯಬೇಡಿ. ತೆಗೆದು ತಪ್ಪು ಮಾಡಿದವನು ನಾನು, ದುಗ್ಗಪ್ಪ. ನವ್ಯಾ ಅಲ್ಲ. ಇದು ಯಾಕೆ ಬೇಕೆಂದು ನನಗೆ ಗೊತ್ತಿತ್ತು.' ಪ್ರಿಂಟ್ ತೆಗೆದು, ಹರಿಪ್ರಸಾದ್ ಬರುವವರೆಗೆ ಅವರ ಕೋಣೆಯ ಹೊರಗೆ ಕಾಗದ ಹಿಡಿದುಕೊಂಡೇ ನಿಂತರು. ಎಲ್ಲಾದರೂ ಇಟ್ಟರೆ ಎಲ್ಲಿಟ್ಟೆ ಎಂದಾಗುವ ಭಯ.

ಹರಿಪ್ರಸಾದ್ ಓದಿದರು. "ಗೊತ್ತಿತ್ತು ಅಂದರೆ ಎಂತ ಸರ್?"

ಮಾಸ್ಟ್ರು ಹೇಳಿದರು. ಮುಳ್ಳೇರಿಯ, ಮಂಗಳೂರು, ಮಾತ್ರೆ, ಎಲ್ಲ. ಹೇಳುವಾಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಮೊದಲೇ ಹೇಳಬಹುದಿತ್ತಲ್ಲ ಸರ್. ನಾವೆಂತ ಹೊರಗಿನವರಾ?" ಎಂದರು ಹರಿಪ್ರಸಾದ್. ನಿಜವಾಗಿ ನೊಂದಿದ್ದರು. ಪಟ್ಟಿ ತೆಗೆದು ನವ್ಯಾಳ ಹೆಸರನ್ನು ಅಲ್ಲಿಯೇ ಸೇರಿಸಿದರು. ಆಮೇಲೆ, ಗಾಜಿನ ಸಾಮಾನು ಎತ್ತಿಡುವ ಹಾಗೆ ಒಂದೊಂದೇ ಮಾತು ಎತ್ತಿಟ್ಟು ಹೇಳಿದರು: ರಜೆ ತುಂಬ ಬಾಕಿ ಉಂಟು, ಬರುವ ವಾರದಿಂದ ಮೇಯವರೆಗೆ ಅದನ್ನೇ ಹಾಕುವ, ನೀವು ವಿಶ್ರಾಂತಿ ತೆಗೆದುಕೊಳ್ಳಿ, ಲ್ಯಾಬಿನ ಬೀಗದ ಕೈ ಶುಕ್ರವಾರ ನವ್ಯಾಳಿಗೆ ಕೊಟ್ಟರೆ ಸಾಕು. ದಮಯಂತಿ ಹೇಳಿದ್ದ, ಮಗುವಿನ ಹತ್ತಿರ ಆಡುವ ದನಿ ಅದೇ. ಅಂದಿನವರೆಗೆ ತಮ್ಮ ಹತ್ತಿರ ಏನಾದರೂ ಕೇಳಲು ಬರುತ್ತಿದ್ದ ಮನುಷ್ಯ ಇನ್ನು ಬರುವುದಿಲ್ಲ ಎಂದು ಮಾಸ್ಟ್ರಿಗೆ ಖಚಿತವಾಯಿತು.

ಬಂದವಳು ನವ್ಯಾ. ಮರುದಿನವೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಒಂದೊಂದೇ ಫೈಲ್ ತೆಗೀರಿ ಸರ್. ಯಾವುದು ಯಾಕೆ ಅಂತ ನೀವು ಹೇಳಿ, ನಾನು ಟಿಪ್ಪಣಿ ಬರೀತೇನೆ" ಎಂದಳು. ಮಾಸ್ಟ್ರು ಹೇಳಿದರು. ಎಷ್ಟೋ ಸಾಲುಗಳ ಕಾರಣ ಇನ್ನೂ ಹೊಳೆಹೊಳೆಯುತ್ತಿತ್ತು, ಹೇಳುವಾಗ ದನಿಯಲ್ಲಿ ಹಳೆಯ ಗತ್ತು ಬರುತ್ತಿತ್ತು. ಕೆಲವು ಬರಲಿಲ್ಲ. ಬಾರದ್ದನ್ನು ಅವಳು ನೆನಪಿದ್ದಷ್ಟು ತಾನೇ ಬರೆದಳು, ಇಬ್ಬರಿಗೂ ಗೊತ್ತಿಲ್ಲದ ಕಡೆ ಖಾಲಿ ಬಿಟ್ಟಳು. ಹೀಗೆ ಮೂರು ದಿನ ಹೋಯಿತು.

ಶುಕ್ರವಾರ ಮಧ್ಯಾಹ್ನ ಹತ್ತೊಂಬತ್ತನೆಯದು ಬಂತು. ಮಾಸ್ಟ್ರು ತಮ್ಮ ಹೆಸರು ಹಾಕಿ ಬರೆದಿದ್ದ ಟಿಪ್ಪಣಿ ಅದರಲ್ಲಿ ಇರಲಿಲ್ಲ. ಅದು ಪುಸ್ತಕದಲ್ಲಿ ಅಚ್ಚಾಗುವುದು ಬೇಡವೆಂದು ನವ್ಯಾ ಮೊದಲೇ ಅಳಿಸಿದ್ದಳು. ಅವರು ಅದನ್ನು ಹುಡುಕಲೂ ಇಲ್ಲ. ಕರುವಿನ ಚಿತ್ರ ಎರಡು ಸಲ ಬಂದಲ್ಲಿ ಬೆರಳಿಟ್ಟು, "ಇದೊಂದು ಹೆಚ್ಚು ಕಾಣ್ತದೆ. ತೆಗೆಯುವನಾ?" ಎಂದರು.

ನವ್ಯಾ ಹೇಳಿದಳು, ಷಷ್ಠಿಯ ದಿನದ ಸುಬ್ರಹ್ಮಣ್ಯದ ಬಸ್ಸು, ಕಿಟಕಿಯಿಂದ ಒಳಗೆ ಎಸೆದ ಟವೆಲ್, ಕೆಲಸ ಮಾಡದೆ ಜಾಗ ಹಿಡಿಯುವ ಸಾಲು. ಯಾರು ಹೇಳಿದ್ದೆಂದು ಈ ಸಲ ಹೇಳಲಿಲ್ಲ.

ಮಾಸ್ಟ್ರು ಕೇಳುತ್ತ ಕೇಳುತ್ತ ನಗಲು ತೊಡಗಿದರು. ಎಷ್ಟೋ ದಿನಗಳ ಮೇಲೆ ಬಂದ ನಗು ಅದು. "ಎಷ್ಟು ಚಂದ ಹೇಳಿದೆ ಮಾರಾಯ್ತಿ. ಇಷ್ಟು ವರ್ಷ ಪಾಠ ಮಾಡಿದೆ, ನನಗೆ ಇದು ಹೊಳೆಯಲಿಲ್ಲ ನೋಡು" ಎಂದು ಕೀಬೋರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. ಟೈಪಿಂಗ್ ಕಲಿಸಿದ ಬೆರಳುಗಳು; ಅವಕ್ಕೆ ಮರೆವು ತಟ್ಟಿರಲಿಲ್ಲ. ಬಸ್ಸು, ಟವೆಲ್, ಸೀಟು ಎಲ್ಲವನ್ನೂ ಟಿಪ್ಪಣಿಯಲ್ಲಿ ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದರು: 'ಈ ಉದಾಹರಣೆ ನವ್ಯಾ ಅವರದು.'

"ಸರ್, ಅದು ನನ್ನದಲ್ಲ..."

"ನೀನು ಸುಮ್ಮನಿರು" ಎಂದರು ಮಾಸ್ಟ್ರು. "ಒಬ್ಬರು ಮಾಡಿದ್ದನ್ನು ಇನ್ನೊಬ್ಬರ ಹೆಸರಿಗೆ ಹಾಕುದು ಸರಿಯಲ್ಲ."

ಮಾಸ್ಟ್ರು ಫೈಲನ್ನು ಉಳಿಸಿ, ಇಪ್ಪತ್ತನೆಯದನ್ನು ತೆರೆದರು.